ಮೊದಲು ವೇಸ್ಟ್ ಬಾಟಲಿಗೆ ಹೆಸರು ಬರೆಯಿರಿ: ರಿಸರ್ಚ್ ಲ್ಯಾಬನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವುದು ಹೇಗೆ?

ತಪಾಸಣೆಗೆ ಕಮಿಟಿ ಬರುತ್ತದೆ ಅಂದರೆ ಸಾಕು, ಲ್ಯಾಬುಗಳಲ್ಲಿ ನೆಲ ಒರೆಸುತ್ತಾರೆ, ಗೋಡೆಗೆ ‘ಸೇಫ್ಟಿ ಫಸ್ಟ್’ ಪೋಸ್ಟರ್ ಅಂಟಿಸುತ್ತಾರೆ, ಸಿಂಕಿನ ಕೆಳಗಿದ್ದ ಹೆಸರಿಲ್ಲದ ಬಾಟಲಿಗಳನ್ನೆಲ್ಲ ಎತ್ತಿ ಸ್ಟೋರ್ ರೂಮಿಗೆ ತಳ್ಳಿ ಬೀಗ ಹಾಕುತ್ತಾರೆ. ಕಮಿಟಿ ಹೋಯಿತು, ಬಾಟಲಿಗಳು ವಾಪಸ್ ಸಿಂಕಿನ ಕೆಳಗೆ. ಇದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಈ ವರ್ಷ ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಲ್ಯಾಬ್ ಸೇರುವ ಹುಡುಗ ಹುಡುಗಿಯರಿಗೆ ಇದು. ಎಕ್ಸ್‌ಪೆರಿಮೆಂಟ್ ಮಾಡುವಾಗ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಕೆಲಸ ಮುಗಿದ ಮೇಲೆ ಉಳಿಯುತ್ತದಲ್ಲ, ಅದರಲ್ಲೇ ಎಡವುತ್ತಾರೆ.

ಹೆಜ್ಜೆ 1: ಮೈಮೇಲೆ ಏನಿದೆ ನೋಡಿ

ಚಪ್ಪಲಿ ಬೇಡ, ಮುಚ್ಚಿದ ಶೂ ಬೇಕು. ಕೂದಲು ಕಟ್ಟಿ, ದುಪಟ್ಟಾ ತೆಗೆದಿಡಿ, ಸೇಫ್ಟಿ ಕನ್ನಡಕ ಹಾಕಿ.

ಕೋಟು ಮಾತ್ರ ಕಾಟನ್ನದೇ ಆಗಬೇಕು. ಅಂಗಡಿಯಲ್ಲಿ ‘ಲ್ಯಾಬ್ ಕೋಟ್’ ಅಂತ ಮಾರುವ ಎಷ್ಟೋ ಕೋಟುಗಳಲ್ಲಿ ಪಾಲಿಯೆಸ್ಟರೇ ಜಾಸ್ತಿ. ಇಸ್ತ್ರಿ ಬೇಡ, ಮಿರಮಿರ ಮಿಂಚುತ್ತದೆ ಅಂತ ಅದನ್ನೇ ತರುತ್ತಾರೆ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಅಂಚಿನಿಂದ ಒಂದು ಎಳೆ ತೆಗೆದು ಹೊರಗೆ ಸುಟ್ಟು ನೋಡಿ: ಬೂದಿಯಾದರೆ ಕಾಟನ್, ಗಟ್ಟಿ ಮಣಿಯಾಗಿ ಉಳಿದರೆ ಪಾಲಿಯೆಸ್ಟರ್. ನೇಕಾರರ ಊರುಗಳಾದ ರಬಕವಿ-ಬನಹಟ್ಟಿ, ಇಳಕಲ್ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ರಾಸಾಯನಿಕವೊಂದು ಚೆಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯ ಬಟ್ಟೆಗೆ ಬೆಂಕಿ ಹತ್ತಿತು. ಸಿಂಥೆಟಿಕ್ ಸ್ವೆಟರ್ ಹಾಕಿದ್ದರು, ಮೇಲೆ ಲ್ಯಾಬ್ ಕೋಟ್ ಇರಲಿಲ್ಲ. 18 ದಿನಗಳ ನಂತರ ತೀರಿಕೊಂಡರು.

ಗ್ಲೌಸ್ ನೈಟ್ರೈಲ್ ಎಂಬ ಕೃತಕ ರಬ್ಬರ್‌ದೇ ತನ್ನಿ. ಹೋಟೆಲಿನಲ್ಲಿ ಬಡಿಸುವವರು ಹಾಕುವ ಪ್ಲಾಸ್ಟಿಕ್ ಹಾಳೆಯಂಥ ಗ್ಲೌಸ್ ಹಾಕಿಕೊಂಡು ಆಸಿಡ್ ಮುಟ್ಟುವವರಿದ್ದಾರೆ, ಅದಕ್ಕೆ ಏನನ್ನಬೇಕೋ ಗೊತ್ತಿಲ್ಲ. ನೈಟ್ರೈಲ್ ಕೂಡ ಎಲ್ಲದಕ್ಕೂ ತಡೆಯಲ್ಲ. ಡೈಕ್ಲೋರೋಮೀಥೇನ್ ಎಂಬ ಸಾಲ್ವೆಂಟ್ (ಬೇರೆ ವಸ್ತುಗಳನ್ನು ಕರಗಿಸುವ ದ್ರವ) ಕೆಲವೇ ನಿಮಿಷದಲ್ಲಿ ಅದನ್ನು ದಾಟಿ ಕೈಗೆ ಬರುತ್ತದೆ. ಚೆಲ್ಲಿದ ಕೂಡಲೇ ಬದಲಿಸಿ.

ಹೆಜ್ಜೆ 2: ಕಪಾಟು

ಎಬಿಸಿಡಿ ಪ್ರಕಾರ ಜೋಡಿಸಬೇಡಿ. ನೋಡಲು ಚಂದ, ಆದರೆ ನೈಟ್ರಿಕ್ ಆಸಿಡ್ ಪಕ್ಕ ನೈಟ್ರೋಬೆಂಜೀನ್ ಬಂದು ಕೂರುತ್ತದೆ, ಎರಡೂ ಒಡೆದು ಬೆರೆತರೆ ಸ್ಫೋಟಕವೇ ತಯಾರು. ಗುಣ ನೋಡಿ ಬೇರೆ ಮಾಡಿ: ಆಸಿಡ್‌ಗಳು ಕೆಳಗಿನ ಹಲಗೆಯಲ್ಲಿ ಪ್ಲಾಸ್ಟಿಕ್ ಟ್ರೇ ಒಳಗೆ, ಅದರಲ್ಲೂ ನೈಟ್ರಿಕ್‌ಗೆ ಬೇರೆಯೇ ಟ್ರೇ. ಬೇಸ್‌ಗಳು ಇನ್ನೊಂದು ಕಡೆ, ಸಾಲ್ವೆಂಟ್ ಬೇರೆ, ಆಕ್ಸಿಡೈಸರ್ (ಬೇರೆ ವಸ್ತು ಉರಿಯಲು ನೆರವಾಗುವಂಥದ್ದು) ಬೇರೆ.

ಕಪಾಟಿನ ಗಾಜಿನ ಮೇಲೆ, ಬಾಟಲಿಗಳ ಕುತ್ತಿಗೆಯ ಸುತ್ತ ಬಿಳಿ ಪುಡಿ ಕೂತಿದೆಯಾ? ಬೆರಳಲ್ಲಿ ಎಳೆದರೆ ಗೆರೆ ಮೂಡುತ್ತದೆ. ಧೂಳು ಅಂತ ಒರೆಸಿ ಸುಮ್ನಾಗುತ್ತಾರೆ. ಅದು ಧೂಳಲ್ಲ, ಅಮೋನಿಯಂ ಕ್ಲೋರೈಡ್. ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಅಮೋನಿಯಾ ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಟ್ಟಿದ್ದೀರಿ, ಮುಚ್ಚಳಗಳು ಸಡಿಲ ಇವೆ ಅಂತ ಅರ್ಥ.

ಬೆಳಗಾವಿಯ ಮಳೆಗಾಲದಲ್ಲಿ ಲೇಬಲ್ ಉಬ್ಬಿ ಉದುರುತ್ತದೆ, ವಿಜಯಪುರದ ಬೇಸಿಗೆಯ ತಾಪತ್ರಯವೇ ಬೇರೆ. ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್-ಮೇನಲ್ಲಿ ಹೊರಗೆ 40 ದಾಟುತ್ತದೆ, ಫ್ಯಾನೂ ಇಲ್ಲದ ಸ್ಟೋರ್ ರೂಮಿನಲ್ಲಿ ಕೇಳುವುದೇ ಬೇಡ. ಹಾಗಂತ ಮನೆಯ ಫ್ರಿಜ್ಜಿನಲ್ಲೂ ಇಡಬೇಡಿ. ಅದರ ಥರ್ಮೋಸ್ಟಾಟ್‌ನಲ್ಲಿ, ಬಲ್ಬಿನ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ಒಳಗೆ ತುಂಬಿದ ಈಥರ್ ಆವಿಗೆ ಅಷ್ಟು ಸಾಕು. ಒಳಗೆ ಕಿಡಿ ಬರದಂಥ ಲ್ಯಾಬ್ ಫ್ರಿಜ್ ಸಿಗುತ್ತದೆ, ಅದಿಲ್ಲದಿದ್ದರೆ ಬೇಸಿಗೆಯಲ್ಲಿ ಈಥರ್ ತರಿಸಲೇಬೇಡಿ. ಇನ್ನು ಅದೇ ಫ್ರಿಜ್ಜಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ಇಡುವವರಿಗೆ ಏನು ಹೇಳುವುದು!

ಹೆಜ್ಜೆ 3: ಹುಡ್ ಮತ್ತು ನೀರು

ಫ್ಯೂಮ್ ಹುಡ್ (ಕೆಟ್ಟ ಆವಿಯನ್ನು ಹೊರಗೆಳೆಯುವ, ಗಾಜಿನ ಬಾಗಿಲಿನ ಗೂಡು) ಸ್ಟೋರ್ ರೂಮಲ್ಲ, ಒಳಗಿನ ಹಳೇ ಬಾಟಲಿಗಳನ್ನು ತೆಗೆಯಿರಿ. ಕೆಲಸಕ್ಕೆ ಮುಂಚೆ ಟಿಶ್ಯೂ ಪೇಪರಿನ ಚೂರನ್ನು ಹುಡ್ಡಿನ ಬಾಯಿಯ ಹತ್ತಿರ ಹಿಡಿಯಿರಿ, ಅದು ಒಳಕ್ಕೆ ವಾಲಬೇಕು. ಕರೆಂಟ್ ಹೋದರೆ ಗಾಜಿನ ಬಾಗಿಲು ಪೂರ್ತಿ ಇಳಿಸಿ.

ರಾತ್ರಿಯಿಡೀ ರಿಫ್ಲಕ್ಸ್ (ದ್ರವವನ್ನು ಕುದಿಸುತ್ತ, ಅದರ ಆವಿಯನ್ನು ತಣಿಸಿ ವಾಪಸ್ ಫ್ಲಾಸ್ಕಿಗೇ ಬೀಳಿಸುವುದು) ಇಟ್ಟು ಹೋಗುವವರು ಒಂದು ವಿಷಯ ಕೇಳಿ. ಆವಿ ತಣಿಸುವ ಕಂಡೆನ್ಸರಿಗೆ ನಲ್ಲಿ ನೀರು ಬಿಟ್ಟು ಹೋಗುತ್ತೀರಿ, ನಡುರಾತ್ರಿ ಟ್ಯಾಂಕ್ ಖಾಲಿಯಾಗುತ್ತದೆ, ಫ್ಲಾಸ್ಕ್ ಬಿಸಿ ಮಾಡುವ ಮ್ಯಾಂಟಲ್ ಮಾತ್ರ ಕಾಯುತ್ತಲೇ ಇರುತ್ತದೆ. ನಮ್ಮ ಕಡೆ ಟ್ಯಾಂಕ್ ಖಾಲಿಯಾಗುವುದು ಅಪರೂಪವಾ? ಬಕೆಟ್ಟಿನಲ್ಲಿ ನೀರು ತುಂಬಿ, ಏರ್ ಕೂಲರಿನ ಸಣ್ಣ ಪಂಪ್ ಹಾಕಿ ಅದೇ ನೀರನ್ನು ತಿರುಗಿಸಿ. ನೀರೂ ಉಳಿಯುತ್ತದೆ. ಆದರೆ ಪಂಪ್ ಮತ್ತು ಮ್ಯಾಂಟಲ್ ಎರಡನ್ನೂ ಒಂದೇ ಲೈನಿಗೆ ಹಾಕಬೇಕು. ಮ್ಯಾಂಟಲ್ ಯುಪಿಎಸ್ ಮೇಲೆ, ಪಂಪ್ ಸಾದಾ ಲೈನ್ ಮೇಲೆ ಇದ್ದರೆ ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ಕಾಯುವುದು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಯಾರೂ ಇಲ್ಲದ ಲ್ಯಾಬಿನಲ್ಲಿ ರಾತ್ರಿ ರಿಫ್ಲಕ್ಸ್ ಇಡುವುದೇ ಬೇಡ.

ಹೆಜ್ಜೆ 4: ವೇಸ್ಟ್

ಎಲ್ಲರೂ ಕೆಡಿಸುವುದು ಇಲ್ಲೇ. ನಿಧಾನವಾಗಿ ಓದಿ.

ಎಕ್ಸ್‌ಪೆರಿಮೆಂಟ್ ಶುರುವಾಗುವ ಮುಂಚೆಯೇ ವೇಸ್ಟ್ ಬಾಟಲಿ ರೆಡಿ ಇರಬೇಕು. ಮುಗಿದ ಮೇಲೆ ಹುಡುಕಿದರೆ ಕೈಗೆ ಸಿಗುವುದು ಕುಡಿಯುವ ನೀರಿನ ಖಾಲಿ ಬಾಟಲಿಯೇ. ಅದರಲ್ಲಿ ಯಾವತ್ತೂ ಕೆಮಿಕಲ್ ತುಂಬಬೇಡಿ. ಕ್ಲೋರೋಫಾರ್ಮಿನಂಥದ್ದು ಆ ಪ್ಲಾಸ್ಟಿಕ್ಕನ್ನೇ ಕೆಡಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಬಾಯಾರಿದ ಯಾರೋ ಒಬ್ಬರು ಎತ್ತಿಕೊಳ್ಳುತ್ತಾರೆ. ಸಾಲ್ವೆಂಟ್ ಬಂದಿದ್ದ ಗಾಜಿನ ಖಾಲಿ ಬಾಟಲಿ ತೊಳೆದು ಒಣಗಿಸಿ ಇಟ್ಟುಕೊಳ್ಳಿ, ಹಳೇ ಲೇಬಲ್ ಕಿತ್ತು ಹಾಕಿ.

ಕನಿಷ್ಠ ಐದು ಬಾಟಲಿ ಬೇಕು. ಅಸಿಟೋನ್, ಹೆಕ್ಸೇನ್, ಈಥೈಲ್ ಅಸಿಟೇಟ್, ಆಲ್ಕೋಹಾಲ್ ಇಂಥವಕ್ಕೆ ಒಂದು. ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್‌ಗೆ ಒಂದು. ಇವೆರಡನ್ನು ಬೇರೆ ಇಡುವುದು ಸುಮ್ನೆ ಅಲ್ಲ: ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಇದ್ದ ಕಡೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿದರೆ ಸಿಡಿಯುವಷ್ಟು ಬಿಸಿಯಾಗುತ್ತದೆ. ಮೂರನೆಯದು ಕ್ರೋಮಿಯಂ, ಸೀಸ, ಪಾದರಸದ ದ್ರಾವಣಗಳಿಗೆ, ನಾಲ್ಕನೆಯದು ಸಾದಾ ಆಸಿಡ್ ನೀರಿಗೆ. ಐದನೆಯದು ನೈಟ್ರಿಕ್ ಆಸಿಡ್‌ಗೆ ಮಾತ್ರ.

ನೈಟ್ರಿಕ್ ಮತ್ತು ಸಾಲ್ವೆಂಟ್ ಒಂದೇ ಬಾಟಲಿಗೆ ಬಿದ್ದರೆ ತಕ್ಷಣ ಏನೂ ಆಗದೇ ಇರಬಹುದು. ಅದೇ ಮೋಸ. ಒಳಗೆ ನಿಧಾನವಾಗಿ ಬಿಸಿ ಏರುತ್ತದೆ, ಗ್ಯಾಸ್ ಕಟ್ಟುತ್ತದೆ, ಗಟ್ಟಿಯಾಗಿ ತಿರುಗಿಸಿದ ಮುಚ್ಚಳ ಹಾಗೇ ಕೂತಿರುತ್ತದೆ, ನೀವು ಹಾಸ್ಟೆಲ್ ಸೇರಿದ ಎಷ್ಟೋ ಹೊತ್ತಿನ ಮೇಲೆ ಬಾಟಲಿ ಸಿಡಿಯುತ್ತದೆ. ಸುರಿಯುವ ಮುಂಚೆ ಲೇಬಲ್ ಓದಿ, ‘ನಿನ್ನೆಯದೇ ಬಾಟಲಿ’ ಅಂತ ಅಂದಾಜಿನ ಮೇಲೆ ಸುರಿಯಬೇಡಿ. ನೈಟ್ರಿಕ್ ಅಲ್ಲದ ಬೇರೆ ವೇಸ್ಟ್ ಬಗ್ಗೆ ಅನುಮಾನ ಇದ್ದರೆ ಹುಡ್ ಒಳಗೆ ಟೆಸ್ಟ್ ಟ್ಯೂಬಿನಲ್ಲಿ ಬಾಟಲಿಯದ್ದನ್ನೂ ಹೊಸದನ್ನೂ ಹನಿ ಹನಿ ಬೆರೆಸಿ ಹತ್ತು ನಿಮಿಷ ಕಾಯಿರಿ. ಗುಳ್ಳೆ ಬಂದರೆ, ಬಿಸಿಯಾದರೆ, ಬಣ್ಣ ತಿರುಗಿದರೆ ಬೇರೆ ಬಾಟಲಿ ಮಾಡಿ.

ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಗ್ಯಾಸ್ ಬರುವಂಥದ್ದಾದರೆ ಪೂರ್ತಿ ನಿಲ್ಲುವ ತನಕ ಹುಡ್ ಒಳಗೇ ಮುಚ್ಚಳ ಸಡಿಲ ಬಿಟ್ಟಿಡಿ. ಉಳಿದವಕ್ಕೆ ಮುಚ್ಚಳ ಹಾಕಿ. ಫನಲ್ ಹಾಗೇ ಸಿಕ್ಕಿಸಿಟ್ಟು ಹೋದರೆ ಸಾಲ್ವೆಂಟ್ ಆವಿಯಾಗಿ ಲ್ಯಾಬಿಗೆಲ್ಲ ಹರಡುತ್ತದೆ.

ಲೇಬಲ್ ಮೇಲೆ ‘ವೇಸ್ಟ್’ ಅಂತಷ್ಟೇ ಬರೆದರೆ ಬರೆಯದಿದ್ದಂತೆಯೇ. ಒಳಗಿರುವ ಒಂದೊಂದರ ಪೂರ್ತಿ ಹೆಸರು, ಶುರು ಮಾಡಿದ ತಾರೀಖು, ನಿಮ್ಮ ಹೆಸರು ಬೇಕು. ಸ್ಕೆಚ್ ಪೆನ್, ಮಾರ್ಕರ್ ಎರಡೂ ಪ್ರಯೋಜನಕ್ಕಿಲ್ಲ, ಅಸಿಟೋನಿನ ಒಂದು ಹನಿ ಬಿದ್ದರೆ ಅಕ್ಷರ ಹೋಯಿತು. ಪೆನ್ಸಿಲ್‌ನಲ್ಲಿ ಬರೆದು ಮೇಲೆ ಅಗಲ ಟೇಪ್ ಅಂಟಿಸಿ.

ಗಾಜು ತೊಳೆಯಲು ಕ್ರೋಮಿಕ್ ಆಸಿಡ್ ಬಳಸುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಸೀನಿಯರ್ ಹೇಳಿಕೊಟ್ಟರು, ಜೂನಿಯರ್ ಮಾಡಿದರು. ಅದರ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ, ಅಸಿಟೋನಿನಲ್ಲಿ ತೊಳೆದು ಒದ್ದೆಯಿರುವ ಫ್ಲಾಸ್ಕಿಗೆ ಹಾಕಿದರೆ ಬೆಂಕಿಯೇ ಹತ್ತಬಹುದು. ಲ್ಯಾಬ್ ಡಿಟರ್ಜೆಂಟಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬ್ರಷ್ ಹಾಕಿ. ಸಾಕು.

ಸಿಂಕಿಗೆ ಹೋಗಬಹುದಾದದ್ದು ಲೋಹವಾಗಲಿ ಸಾಲ್ವೆಂಟ್ ಆಗಲಿ ಇಲ್ಲದ ತೆಳು ಆಸಿಡ್ ಮತ್ತು ಬೇಸ್ ಮಾತ್ರ. ಆಸಿಡ್ ಆದರೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ನಿಂತ ಮೇಲೆ ಪಿಎಚ್ ಕಾಗದ 7ರ ಆಸುಪಾಸು ತೋರಿಸಿದರೆ ಚೆಲ್ಲಿ. ಉಳಿದದ್ದನ್ನು ಕಾಲೇಜಿನ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಏಜೆನ್ಸಿಗೇ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ತಾರೀಖು ಬರೆಯಿರಿ ಅಂದದ್ದು ಇದಕ್ಕೂ ಹೌದು.

ಹೆಸರಿಲ್ಲದ ಹಳೇ ಬಾಟಲಿ ಸಿಕ್ಕರೆ ಮೂಸಬೇಡಿ, ತೆರೆಯಬೇಡಿ. ಈಥರ್ ಬಾಟಲಿಯ ಮುಚ್ಚಳದ ಸುತ್ತ ಹರಳು ಕಟ್ಟಿದ್ದರೆ ಮುಟ್ಟಲೂ ಬೇಡಿ. ಅದು ಪೆರಾಕ್ಸೈಡ್ ಇರಬಹುದು, ಮುಚ್ಚಳ ತಿರುಗಿಸಿದ ಉಜ್ಜಾಟಕ್ಕೇ ಸಿಡಿಯುತ್ತದೆ. ರೂಮು ಮುಚ್ಚಿ ಗೈಡ್‌ಗೆ ಹೇಳಿ.

ಹೆಜ್ಜೆ 5: ಉಳಿದವು

ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಬಿಗಿಯಿರಿ. ಕಣ್ಣು ತೊಳೆಯುವ ನಲ್ಲಿಯನ್ನು ಪ್ರತಿ ಸೋಮವಾರ ತಿರುಗಿಸಿ ನೋಡಿ, ಮೊದಲು ಬರುವುದು ತುಕ್ಕು ನೀರೇ. ಕಣ್ಣಿಗೆ ಏನು ಬಿದ್ದರೂ 15 ನಿಮಿಷ ನೀರು, ಸೋಡಾ ಗೀಡಾ ಹಾಕಬೇಡಿ. ಬಾಗಿಲಿಗೆ ಅಡ್ಡ ಕುರ್ಚಿ, ಡಬ್ಬ ಇಡಬೇಡಿ.

ಹೆಜ್ಜೆ 6: ಬಿಟ್ಟು ಹೋಗುವಾಗ

ಹೆಸರಿಲ್ಲದ ಬಾಟಲಿಗಳು ಹುಟ್ಟುವುದೇ ಯಾರೋ ಥೀಸಿಸ್ ಮುಗಿಸಿ ಊರಿಗೆ ಹೋದಾಗ. ನೋ ಡ್ಯೂಸ್ ಫಾರ್ಮಿನಲ್ಲಿ ಲೈಬ್ರರಿ, ಹಾಸ್ಟೆಲ್, ಸ್ಪೋರ್ಟ್ಸ್ ಎಲ್ಲದರ ಸಹಿ ಕೇಳುತ್ತಾರೆ, ಲ್ಯಾಬಿನ ಬಾಟಲಿಗಳ ಬಗ್ಗೆ ಯಾರೂ ಕೇಳುವುದಿಲ್ಲ. ವಿಭಾಗದ ಮುಖ್ಯಸ್ಥರು ಓದುತ್ತಿದ್ದರೆ ಒಂದು ಸಾಲು ಸೇರಿಸಿ ಸರ್: ನನ್ನ ಹೆಸರಿನ ಬಾಟಲಿಗಳೆಲ್ಲ ಖಾಲಿಯಾಗಿವೆ, ಇಲ್ಲವೇ ಇಂಥವರಿಗೆ ಒಪ್ಪಿಸಿದ್ದೇನೆ. ಕೆಳಗೆ ತಗೊಂಡವರ ಸಹಿ, ಜೊತೆಗೆ ಬಾಟಲಿಗಳ ಪಟ್ಟಿ. ಪಟ್ಟಿ ಇಲ್ಲದೆ ಸಹಿ ಹಾಕಬೇಡಿ, ಹುಡುಗ ಸಂಜೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯಬೇಕು ಸರ್ ಅಂತ ಎಷ್ಟೇ ಗೋಗರೆದರೂ.