ಕುಮಾರಪರ್ವತಕ್ಕೆ ಹನ್ನೆರಡು ಜನ, ಮುಂದಾಳು ಕೊನೆಯಲ್ಲಿ: ನನ್ನ ಅನುಭವ

ಚಾರಣ ತಂಡದ ಮುಂದಾಳು ಸಾಲಿನ ಕೊನೆಯಲ್ಲಿರಬೇಕು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಎರಡನೆಯವರಾಗಿರಬೇಕು, ತಂಡ ಹನ್ನೆರಡು ಜನರನ್ನು ಮೀರಬಾರದು ಎಂದು ನಾನು ನಾಲ್ಕೈದು ವರ್ಷಗಳ ಹಿಂದೆ ಹೇಳಿದಾಗ, ಇದೇ ಕೆಲಸದಲ್ಲಿರುವ ಗೆಳೆಯರು ನಕ್ಕಿದ್ದರು. ದುಡ್ಡು ಕೊಟ್ಟು ಬಂದವರು ಮುಂದಾಳನ್ನು ಮುಂದೆಯೇ ಕಾಣಬಯಸುತ್ತಾರೆ, ಹನ್ನೆರಡು ಜನರಿಂದ ಗಾಡಿಯ ಬಾಡಿಗೆಯೂ ಹುಟ್ಟುವುದಿಲ್ಲ ಎಂಬುದು ಅವರ ವಾದವಾಗಿತ್ತು. ಬಾಡಿಗೆಯ ವಿಷಯದಲ್ಲಿ ಮೊದಲ ವರ್ಷ ಅವರ ಮಾತೇ ನಿಜವಾಯಿತು. ಉಳಿದುದರಲ್ಲಿ ನನ್ನ ಕ್ರಮವೇ ಗೆದ್ದಿದೆ.

ಕುಕ್ಕೆಯಿಂದ ಕುಮಾರಪರ್ವತದ 1712 ಮೀಟರಿನ ಶಿಖರಕ್ಕೆ ಏರಿ ಅದೇ ದಿನ ಇಳಿಯುವುದೆಂದರೆ ಎಷ್ಟು ಶ್ರಮವೆಂದು ಈ ಹಾದಿಯಲ್ಲಿ ಜನರನ್ನು ಕರೆದೊಯ್ದವರಿಗೆ ವಿವರಿಸಬೇಕಾಗಿಲ್ಲ. ಮೂವತ್ತೈದು ಜನರ ಸಾಲು ಹಾದಿಯ ನಡುವಿನ ಗಿರಿಗದ್ದೆ ತಲಪುವಷ್ಟರಲ್ಲಿ ಅರ್ಧ ಗಂಟೆಯ ಅಂತರಕ್ಕೆ ಹರಿದುಹೋಗುತ್ತದೆ. ಮುಂದಿನವರು ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ತಲಪಿದೊಡನೆ ಮುಂದಿನವರು ಎದ್ದು ಹೊರಡುತ್ತಾರೆ. ಹೀಗಾಗಿ ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ, ಇಳಿಯುವಾಗ ಮಂಡಿ ಹಿಡಿದುಕೊಳ್ಳುವವರೂ ಬಹುಪಾಲು ಅವರೇ.

ಮೊದಲಿಗೆ ನಿಧಾನದವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ ನೋಡಿದೆ. ಅದು ಪೂರ್ತಿ ಕೆಟ್ಟಿತು, ಏಕೆಂದರೆ ಬೆನ್ನ ಹಿಂದೆ ಹೆಜ್ಜೆಯ ಸದ್ದು ಕೇಳಿಸಿದಷ್ಟೂ ಅವರು ಸಂಕೋಚದಿಂದ ವೇಗ ಹೆಚ್ಚಿಸಿಕೊಂಡು, ಕಾಡು ಮುಗಿಯುವುದರೊಳಗೆ ಸೋತುಹೋಗುತ್ತಿದ್ದರು. ಅನಂತರ ಹಾದಿ ಬಲ್ಲ ಸ್ಥಳೀಯ ಯುವಕನೊಬ್ಬನನ್ನು ಮುಂದಿಟ್ಟು, ಅವನ ಹಿಂದೆಯೇ ಅವರನ್ನು ನಿಲ್ಲಿಸಿದೆ. ಆ ಯುವಕನು ಅವರ ಉಸಿರಿನ ಸದ್ದನ್ನು ಆಲಿಸುತ್ತ ನಡೆಯಬೇಕು. ಏದುಸಿರು ಬಿಡದೆ ಎರಡು ವಾಕ್ಯ ಮಾತನಾಡಲು ಅವರಿಗೆ ಆಗದಿದ್ದರೆ ಅವನು ತಾನಾಗಿ ಹೆಜ್ಜೆ ಸಣ್ಣದಾಗಿಸಬೇಕು. ವೇಗಿಗಳನ್ನು ನನ್ನ ಬಳಿ ಕೊನೆಯಲ್ಲಿ ಇಟ್ಟುಕೊಂಡು, ಪ್ರಥಮ ಚಿಕಿತ್ಸೆಯ ಚೀಲವನ್ನೂ ಹೆಚ್ಚುವರಿ ನೀರನ್ನೂ ಅವರ ಬೆನ್ನಿಗೆ ಹೊರಿಸುತ್ತೇನೆ. ಆ ಭಾರ ಬಿದ್ದ ಮೇಲೆ ಗೊಣಗಾಟ ತಾನಾಗಿ ಕಡಿಮೆಯಾಗುತ್ತದೆ. ಯಾರು ನಿಧಾನದವರೆಂಬುದನ್ನು ನಾನು ಮೊದಲ ಇಪ್ಪತ್ತು ನಿಮಿಷಗಳಲ್ಲಿ ಗುರುತಿಸುತ್ತೇನೆ. ಉಸಿರನ್ನೂ ಶೂ ಕಟ್ಟಿರುವ ರೀತಿಯನ್ನೂ ನೋಡುತ್ತೇನೆಂದು ಹೇಳಬಲ್ಲೆ. ಮೂರನೆಯ ಗುರುತೊಂದಿದೆ, ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹಿಂದಿನಿಂದ ತಂಡವನ್ನು ಹಿಡಿತದಲ್ಲಿಡಲು ಆರೇಳು ಸಾವಿರ ಕೊಟ್ಟು ವಾಕಿಟಾಕಿಯ ಜೋಡಿಯೊಂದನ್ನು ಕೊಂಡೆ. ಗಿರಿಗದ್ದೆಯ ಕೆಳಗಿನ ತಿರುವುಗಳಲ್ಲಿ, ಮಧ್ಯೆ ಗುಡ್ಡದ ಮೂಲೆ ಅಡ್ಡ ಬಂದಾಗಲೆಲ್ಲ ಅವು ಗರಗರ ಎಂದವೇ ಹೊರತು ಮಾತು ದಾಟಿಸಲಿಲ್ಲ. ಈಗ ಅವು ಅಟ್ಟದಲ್ಲಿವೆ. ಅವುಗಳ ಬದಲಿಗೆ ಐವತ್ತು ರೂಪಾಯಿಯೊಳಗಿನ ಪ್ಲಾಸ್ಟಿಕ್ ಸೀಟಿಗಳನ್ನು ಬಳಸುತ್ತಿದ್ದೇನೆ: ಒಂದು ಉದ್ದನೆಯ ಸದ್ದಿಗೆ ನಿಲ್ಲುವುದು, ಎರಡು ಗಿಡ್ಡ ಸದ್ದಿಗೆ ಹೊರಡುವುದು, ಮೂರಕ್ಕೆ ನಾನು ಮುಂದೆ ಹೋಗುವುದು. ಒಳಗೆ ಗುಂಡು ಇರುವ ಸೀಟಿ ಮಂಜಿನಲ್ಲಿ ನೆನೆದು ಕಚ್ಚಿಕೊಳ್ಳುತ್ತದೆ, ಅದನ್ನು ಕೊಳ್ಳಬೇಡಿ. ಶಿಖರಕ್ಕೆ ಮುಂಚೆ ಸಿಗುವ ಶೇಷಪರ್ವತ ದಾಟಿ ಕಾಡಿಗಿಳಿದ ಮೇಲೆ ಸಿಗುವ ಕಡಿದಾದ ಬಂಡೆಯೊಂದರಲ್ಲಿ ಮಾತ್ರ ಈ ಕ್ರಮ ನಡೆಯುವುದಿಲ್ಲ. ಅಲ್ಲಿ ನಾನೇ ಮುಂದೆ ಬಂದು ಬಂಡೆಯ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಹತ್ತಿಸುತ್ತೇನೆ.

ಈ ನಡುವೆ ಇಂಬಳದ (ರಕ್ತ ಹೀರುವ ಕಾಡುಜಿಗಣೆಯ) ಮೇಲೆಯೂ ಪ್ರಯೋಗ ಮಾಡಿದ್ದೇನೆ. ಉಪ್ಪಿನ ಗಂಟು ಮೊದಲ ತೊರೆಯಲ್ಲಿಯೇ ಕರಗಿತು. ಕಾಲಿಗೆ ಹಚ್ಚಿದ ಸುಣ್ಣ ಬೆವರಿನಲ್ಲಿ ಉರಿಯಿತು. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತಾದರೂ, ಒಬ್ಬ ಹುಡುಗನಿಗೆ ಅದರಿಂದ ತಲೆ ತಿರುಗಿ ವಾಕರಿಕೆ ಬಂದುದರಿಂದ ಕೈಬಿಟ್ಟೆ. ಈಗ ಪ್ಯಾಂಟಿನ ಮೇಲಕ್ಕೆ ಮಂಡಿಯವರೆಗೆ ಏರುವ ಬಟ್ಟೆಯ ಚೀಲಗಳನ್ನು ದರ್ಜಿಯಿಂದ ಹೊಲಿಸಿಕೊಡುತ್ತೇನೆ; ಒತ್ತಾದ ನೇಯ್ಗೆಯ ಹತ್ತಿಬಟ್ಟೆಯಾದರೆ ಜೋಡಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಇನ್ನು ಹಣದ ಮಾತು. ಮೂವತ್ತೈದು ಜನರಿಂದ ತಲಾ ಎರಡು ಸಾವಿರದ ಚಿಲ್ಲರೆ ಪಡೆಯುತ್ತಿದ್ದಾಗ ಬಸ್ಸು, ಊಟ, ಮೂವರು ಸಹಾಯಕರ ಕೂಲಿ ಎಲ್ಲ ಕಳೆದು ಹದಿನೈದು ಸಾವಿರದಷ್ಟು ಉಳಿಯುತ್ತಿತ್ತು. ಹನ್ನೆರಡಕ್ಕೆ ಇಳಿಸಿದ ಮೊದಲ ವರ್ಷ ದರ ಏರಿಸಲು ಧೈರ್ಯ ಸಾಲದೆ, ಕೆಲವು ವಾರಾಂತ್ಯಗಳಲ್ಲಿ ಕೈಯಿಂದಲೇ ಹಾಕಿದೆ. 2024ರ ಜನವರಿಯಲ್ಲಿ ರಜೆಯ ವಾರಾಂತ್ಯದಂದು ಸಾವಿರಾರು ಜನ ಈ ಬೆಟ್ಟಕ್ಕೆ ನುಗ್ಗಿದ ಮೇಲೆ ಅರಣ್ಯ ಇಲಾಖೆಯು ಚಾರಣವನ್ನು ಕೆಲಕಾಲ ನಿಲ್ಲಿಸಿತು. ಮತ್ತೆ ತೆರೆದಾಗ ಆನ್‌ಲೈನ್ ಬುಕಿಂಗ್ ಕಡ್ಡಾಯವಾಗಿ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಬಂತು. ಒಂದೇ ಸಲಕ್ಕೆ ಮೂವತ್ತೈದು ಟಿಕೆಟ್ ಹಿಡಿಯುವುದು ದೊಡ್ಡ ತಂಡದವರಿಗೆ ತಲೆನೋವಾಯಿತು, ನನಗೆ ಹನ್ನೆರಡು ಸಾಕಿತ್ತು. ದರವನ್ನು ಮೂರೂವರೆ ಸಾವಿರದ ಹತ್ತಿರಕ್ಕೆ ತಂದೆ. ಟೆಂಪೊ ಟ್ರಾವೆಲರ್, ಯುವಕನ ಕೂಲಿ, ಟಿಕೆಟ್, ಊಟ ಕಳೆದು ಹದಿಮೂರು ಸಾವಿರದಷ್ಟು ಉಳಿಯುತ್ತದೆ. ಹಿಂದಿಗಿಂತ ಸ್ವಲ್ಪ ಕಡಿಮೆಯೇ, ಆದರೆ ಅರ್ಧಕ್ಕೂ ಹೆಚ್ಚು ಸೀಟುಗಳು ಹಳೆಯ ಗಿರಾಕಿಗಳಿಂದಲೇ ತುಂಬುವುದರಿಂದ ಜಾಹೀರಾತಿನ ಖರ್ಚು ಇಲ್ಲವಾಗಿದೆ.

ಮಧ್ಯಾಹ್ನ ಒಂದು ಗಂಟೆಗೆ, ಎಲ್ಲಿದ್ದರೂ ಹಿಂದಿರುಗುವುದು ನನ್ನ ನಿಯಮ. ಇದನ್ನು ಹಣ ಪಡೆಯುವ ಮುಂಚೆಯೇ ಬರೆದು ಒಪ್ಪಿಗೆ ಪಡೆಯುತ್ತೇನೆ. ಶೇಷಪರ್ವತದ ತುದಿಯಲ್ಲಿ ನಿಂತು ಹೇಳಿದರೆ, ಎದುರಿಗೆ ಕಾಣುವ ಶಿಖರವನ್ನು ಬಿಟ್ಟು ಬರಲು ಯಾರೂ ಒಪ್ಪುವುದಿಲ್ಲ. ಇಳಿಯುವಾಗಲೂ ಸಾಲಿನ ಕ್ರಮ ಬದಲಾಗುವುದಿಲ್ಲ, ಆದರೆ ಏರುವಾಗಿನ ನಿಧಾನಿಗಳೇ ಇಳಿಜಾರಿನಲ್ಲಿಯೂ ನಿಧಾನಿಗಳಾಗಿರುತ್ತಾರೆಂದು ಭಾವಿಸದೆ, ಹಾದಿಯಲ್ಲಿ ಸಿಗುವ ಕಲ್ಲು ಮಂಟಪದ ಬಳಿ ಎಲ್ಲರನ್ನೂ ಮತ್ತೊಮ್ಮೆ ಪರೀಕ್ಷಿಸಿ ಎರಡನೆಯ ಸ್ಥಾನದವರನ್ನು ಹೊಸದಾಗಿ ಆರಿಸುತ್ತೇನೆ. ಬರುವ ಚಳಿಗಾಲದಲ್ಲಿ ಇದೇ ಕ್ರಮವನ್ನು ಕುದುರೆಮುಖದ ಹಾದಿಯಲ್ಲಿ ನಡೆಸುವವನಿದ್ದೇನೆ. ಅಲ್ಲಿ ತೊರೆಗಳು ಹೆಚ್ಚಿರುವುದರಿಂದ, ದಾಟುವ ಕಡೆಯಲ್ಲೆಲ್ಲ ಒಬ್ಬ ವೇಗಿಯನ್ನು ಆಚೆ ದಡಕ್ಕೆ ಮೊದಲೇ ಕಳುಹಿಸುವ ವ್ಯವಸ್ಥೆಯನ್ನು ಸೇರಿಸಿಕೊಂಡಿದ್ದೇನೆ.