ಹಳೇ 800ಗೆ ಅಗಲ ಚಕ್ರ: ಮೊದಲು ಟೇಪು ಹಿಡಿಯಿರಿ

ಮುಂದಿನ ಟೈರಿನ ಒಳಮೈಯಲ್ಲಿ ಬಳೆ ತೊಡಿಸಿದ ಹಾಗೆ ಸುತ್ತಲೂ ಒಂದು ಗೆರೆ. ರಬ್ಬರ್ ಸವೆದು ನುಣ್ಣಗಾಗಿತ್ತು. ಬೆರಳಾಡಿಸಿದರೆ ಒಳಗಿನ ನೂಲು ಸಿಗುತ್ತಿತ್ತು. ಟೈರ್ ಹಾಕಿಸಿ ಮೂರೇ ವಾರ ಆಗಿತ್ತು. ನಮ್ಮ ಬೀದಿಯ ಹುಡುಗ ತಾತನ ಮಾರುತಿ 800ಗೆ ಅಗಲದ ಅಲಾಯ್ (ಮಿಶ್ರಲೋಹದ ಚಕ್ರ) ಹಾಕಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿ ಇಳಿದು, 'ಏನೋ ಉಜ್ಜೋ ಸದ್ದು ಬರ್ತಿದೆ ಅಂಕಲ್' ಎಂದು ನನ್ನ ಮುಂದೆ ತಂದು ನಿಲ್ಲಿಸಿದ್ದ. ಇಂಥದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಎಲ್ಲರೂ ಮೊದಲು ಚೆಂದ ನೋಡುತ್ತಾರೆ, ಅಳತೆ ಆಮೇಲೆ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಗಾಡಿ ಇದು. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಹಳೆಯ ಗಾಡಿಗಳಿಗೆ ಪವರ್ ಸ್ಟಿಯರಿಂಗ್ ಇಲ್ಲ. ಜಾಸ್ತಿ ಅಗಲ, ಜಾಸ್ತಿ ತೂಕದ ಚಕ್ರ ಹಾಕಿದರೆ ಎಂಜಿನ್ನೂ ಏದುಸಿರು ಬಿಡುತ್ತದೆ, ನಿಮ್ಮ ತೋಳೂ ನೋಯುತ್ತದೆ. ಹಾಗಾಗಿ ಅಳತೆಯಲ್ಲಿ ಒಂದು ಮೆಟ್ಟಿಲು ಮಾತ್ರ ಮೇಲೆ ಹೋಗಿ ಎನ್ನುವುದು ನನ್ನ ಖಡಾಖಂಡಿತ ಸಲಹೆ.

1. ಟೈರಿನ ಎತ್ತರ ಲೆಕ್ಕ ಹಾಕಿ

800ರ ಟೈರ್ 145/70 ಆರ್12. 145 ಮಿ.ಮೀ. ಅಗಲ, ಅದರ ನೂರಕ್ಕೆ 70ರಷ್ಟು ಪಕ್ಕದ ಗೋಡೆ, 12 ಇಂಚಿನ ರಿಮ್, ಅಂದರೆ ಟೈರ್ ಕೂರುವ ಲೋಹದ ಚಕ್ರ. ಒಟ್ಟು ಎತ್ತರ ಸುಮಾರು 508 ಮಿ.ಮೀ. ಹೊಸ ಟೈರ್ ಇದರ ಹತ್ತಿರದಲ್ಲೇ ಇರಬೇಕು. 155/65 ಆರ್12 ಸರಿಯಾಗಿ ಹೊಂದುತ್ತದೆ, ಎತ್ತರ 506. ಇದು ಟಾಟಾ ನ್ಯಾನೊ ಹಿಂದಿನ ಚಕ್ರದ ಅಳತೆ. ಅಂಗಡಿಯಲ್ಲಿ ಹಾಗೇ ಕೇಳಿ, ಬೇಗ ಅರ್ಥವಾಗುತ್ತದೆ. 13 ಇಂಚೇ ಬೇಕು ಅನ್ನುವವರು 155/65 ಆರ್13 ಹಾಕಿಸುತ್ತಾರೆ. ಅದು 532 ಆಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ, ಏರಿನಲ್ಲಿ ಗೇರ್ ಭಾರ ಅನಿಸುತ್ತದೆ. ನಾನಂತೂ 12ರಲ್ಲೇ ಉಳಿಯುತ್ತೇನೆ. 145/80 ಆರ್12 'ಇದೂ ಹನ್ನೆರಡೇ ಅಲ್ವಾ ಸಾರ್' ಎಂದು ಕೊಟ್ಟರೆ ಬೇಡ ಅನ್ನಿ. ಅದರ ಎತ್ತರ 537.

ಟೈರಿನ ಮೇಲಿನ ನಾಲ್ಕು ಅಂಕಿಯ ತಾರೀಖನ್ನೂ ಓದಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದ ಅಳತೆಯ ಟೈರುಗಳು ಗೋಡೌನಿನಲ್ಲೇ ಮುದಿಯಾಗಿರುತ್ತವೆ.

2. ತೂತಿನ ಅಳತೆ

800ಗೆ ನಾಲ್ಕು ಸ್ಟಡ್ (ಚಕ್ರದ ನಟ್ಟು ಕೂರುವ ಬೋಲ್ಟು), ಎದುರುಬದುರು ಸ್ಟಡ್‌ಗಳ ನಡುವೆ 114.3 ಮಿ.ಮೀ. 100 ಮಿ.ಮೀ. ಅಳತೆಯ ಅಲಾಯ್‌ಗೆ ತೂತು ಉಜ್ಜಿ ದೊಡ್ಡದು ಮಾಡಿ ಕೂರಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಅಲ್ಲಿಂದ ಎದ್ದು ಬನ್ನಿ.

3. ಆಫ್‌ಸೆಟ್: ಎಲ್ಲರೂ ಎಡವುವ ಜಾಗ

ರಿಮ್ಮಿನ ಅಗಲದ ನಟ್ಟನಡುವಿನಿಂದ, ಗಾಡಿಯಲ್ಲಿ ಚಕ್ರ ಕೂರುವ ಬುಡಕ್ಕೆ, ಅಂದರೆ ಹಬ್‌ಗೆ ತಾಗುವ ಮೈ ಎಷ್ಟು ಹೊರಗಡೆಗಿದೆ ಎಂಬುದೇ ಆಫ್‌ಸೆಟ್. ಈ ಅಂಕಿ ಹೆಚ್ಚಾದಷ್ಟೂ ಚಕ್ರ ಒಳಗೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಗೆ ಬರುತ್ತದೆ. ಅಲಾಯ್ ಹಿಂಬದಿಯಲ್ಲಿ 'ಇಟಿ' ಎಂದು ಅಚ್ಚಾಗಿರುತ್ತದೆ.

ನಿಮ್ಮ ಹಳೇ ಚಕ್ರದ್ದನ್ನು ನೀವೇ ಅಳೆಯಿರಿ. ಟೈರ್ ಕಳಚಿದ ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಬದಿಯ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಡಿ. ಪಟ್ಟಿಯಿಂದ ಹಬ್ ಕೂರುವ ಮೈವರೆಗಿನ ಆಳ ಅಳೆಯಿರಿ. ಅದರಲ್ಲಿ ರಿಮ್ಮಿನ ಹೊರಗಿನ ಪೂರ್ತಿ ಅಗಲದ ಅರ್ಧ ಕಳೆಯಿರಿ. ಅಂಚಿನಿಂದ ಅಂಚಿಗೆ 140, ಆಳ 110 ಬಂದರೆ, 110ರಲ್ಲಿ 70 ಹೋಗಿ ಆಫ್‌ಸೆಟ್ 40.

ಈಗ ಹೊಸದರ ಲೆಕ್ಕ. ರಿಮ್ ಒಂದು ಇಂಚು ಅಗಲವಾಯಿತು, ಆಫ್‌ಸೆಟ್ ಅಷ್ಟೇ ಇದೆ ಅಂದುಕೊಳ್ಳಿ. ಅರ್ಧ ಇಂಚು, ಅಂದರೆ 12.7 ಮಿ.ಮೀ. ಒಳಕ್ಕೆ, ಅಷ್ಟೇ ಹೊರಕ್ಕೆ. ಒಳಗೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಇದೆ, ಬ್ರೇಕ್ ಎಣ್ಣೆಯ ಹೋಸ್ ಪೈಪು ಇದೆ. ಹುಡುಗನ ಟೈರನ್ನು ತಿಂದಿದ್ದು ಆ ಸ್ಟ್ರಟ್ಟೇ. ಅದರ ಜೊತೆಗೆ ಆಫ್‌ಸೆಟ್ 40ರಿಂದ 25ಕ್ಕೆ ಇಳಿದರೆ ಇಡೀ ಚಕ್ರ ಇನ್ನೂ 15 ಮಿ.ಮೀ. ಹೊರಗೆ ಬರುತ್ತದೆ. ಹೊರಗಂಚು ಒಟ್ಟು ಸುಮಾರು 28 ಮಿ.ಮೀ. ಆಚೆ ಬಂದಿರುತ್ತದೆ. ಆಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ, ಬೇರಿಂಗ್ ಮೇಲೂ ಹೊರೆ. 155ರ ಟೈರಿಗೆ ನಾಲ್ಕೂವರೆ ಇಂಚಿನ ರಿಮ್ ಸಾಕು.

ಒಳಗೆ ತಾಗಿದರೆ ಲೇತಿನಲ್ಲಿ ಸ್ಪೇಸರ್, ಅಂದರೆ ಚಕ್ರ ಹೊರಗೆ ತಳ್ಳುವ ಬಿಲ್ಲೆ ಮಾಡಿಸಿ ಹಾಕುವ ರೂಢಿ ಇದೆ. ಸ್ಟಡ್ ಅಷ್ಟೇ ಉದ್ದ ಇದ್ದು ನಡುವೆ ಬಿಲ್ಲೆ ಸೇರಿದರೆ ನಟ್ಟಿಗೆ ಹಿಡಿತ ಎಲ್ಲಿಂದ ಬರಬೇಕು? ಬೇಡವೇ ಬೇಡ.

4. ಒಂದೇ ಚಕ್ರ ತೊಡಿಸಿ ನೋಡಿ

ನಾಲ್ಕಕ್ಕೂ ದುಡ್ಡು ಕೊಡುವ ಮೊದಲು ಒಂದಕ್ಕೆ ಮಾತ್ರ ಟೈರ್ ಏರಿಸಿ, ಮುಂದೆ ಒಮ್ಮೆ, ಹಿಂದೆ ಒಮ್ಮೆ ಹಾಕಿ ನೋಡಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಅಂಗಡಿಯಾಗಲಿ, ಒಪ್ಪದಿದ್ದರೆ ಬೇರೆ ಕಡೆ ಹೋಗಿ.

ಸ್ಟ್ರಟ್ ಮೇಲೆ, ಮಡ್‌ಗಾರ್ಡಿನ ಒಳಗಂಚಿನಲ್ಲಿ ಹದವಾದ ಜೇಡಿಮಣ್ಣಿನ ಉಂಡೆ ಅಂಟಿಸಿ. ಜಾಕಿ ಇಳಿಸಿ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದೆ, ಹಿಂದೆ ನಿಧಾನ ಓಡಿಸಿ. ಆಮೇಲೆ ನಾಲ್ಕು ಜನರನ್ನು ಕೂರಿಸಿ, ಡಿಕ್ಕಿಗೆ ಒಂದು ಮೂಟೆ ಅಕ್ಕಿ ಹಾಕಿ, ಹಂಪ್ ಹತ್ತಿಸಿ. ಉಂಡೆ ಬಿಡಿಸಿ ನೋಡಿ. ಎಲ್ಲಾದರೂ ಒಂದು ಕಡೆ 5 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಆ ಚಕ್ರ ನಿಮ್ಮ ಗಾಡಿಗಲ್ಲ. ಮಡ್‌ಗಾರ್ಡಿನ ಅಂಚು ಬಡಿದು ಮಡಚಿಸುತ್ತೇನೆ ಅನ್ನಬೇಡಿ. ಹಳೇ ತಗಡು, ಬಣ್ಣ ಬಿರಿದರೆ ಮೊದಲ ಮಳೆಗಾಲಕ್ಕೇ ತುಕ್ಕು.

5. ನಟ್ಟು

ಅಲಾಯ್‌ಗೆ ಅದರ ಸೀಟಿಗೆ, ಅಂದರೆ ನಟ್ಟು ಕೂರುವ ಗುಳಿಗೆ, ಹೊಂದುವ ನಟ್ಟೇ ಬೇಕು. ಇಳಿಜಾರು ಸೀಟಿಗೆ ಉರುಟು ನಟ್ಟು ಹಾಕಿದರೆ ಬಿಗಿಯಾದಂತೆ ಕಂಡು ಸಡಿಲವಾಗುತ್ತದೆ. ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. 12 ಮಿ.ಮೀ. ಸ್ಟಡ್, 1.25ರ ಎಳೆ, ಅಂದರೆ ಸುತ್ತಿಗೆ 1.25 ಮಿ.ಮೀ. ಹತ್ತು ಸುತ್ತು ಹಿಡಿಯಬೇಕು. ಆರೇಳಕ್ಕೇ ನಿಂತರೆ ಅಪಾಯ. ಅಲಾಯ್‌ನ ನಡುತೂತು ಹಬ್‌ಗಿಂತ ದೊಡ್ಡದಿದ್ದರೆ ಅಳತೆಗೆ ತಕ್ಕ ಉಂಗುರ ಹಾಕಿ, ಇಲ್ಲದಿದ್ದರೆ ಸ್ಟಿಯರಿಂಗ್ ನಡುಗಬಹುದು.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ.

ಹಳೇ ಚಕ್ರಗಳನ್ನು ಗುಜರಿಗೆ ಕೊಡಬೇಡಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. ಬಾಡಿಯಿಂದ ಆಚೆ ಚಾಚಿದ ಟೈರ್ ಆರ್‌ಟಿಒ ಇನ್ಸ್‌ಪೆಕ್ಟರ್ ಕಣ್ಣಿಗೆ ಬೀಳದೇ ಇರದು, ಆಗ ಹಳೇ ಚಕ್ರಗಳೇ ಬೇಕಾಗುತ್ತವೆ. ಹಳೇ ಚಕ್ರಗಳಲ್ಲಿ ಒಂದು ಹೇಗೂ ಸ್ಟೆಪ್ನಿಗೆ ಬೇಕು. ಅದಕ್ಕೆ ಹೊಂದುವುದು ಹಳೇ ನಟ್ಟುಗಳೇ. ಆ ನಟ್ಟುಗಳಲ್ಲಿ ನಾಲ್ಕನ್ನು ಬಟ್ಟೆಯಲ್ಲಿ ಕಟ್ಟಿ ಜಾಕಿಯ ಪಕ್ಕದಲ್ಲೇ ಇಡಿ.