ಸೆನ್ಸರ್ ಸರಿ ಇತ್ತು, ಬನ್ ಸೀಯುತ್ತಿತ್ತು

ಓವನ್ ಬಿಸಿ ಹೆಚ್ಚುಕಮ್ಮಿ ಆದರೆ ಎಲ್ಲರೂ ಮೊದಲು ಬೈಯುವುದು ಸೆನ್ಸರ್‌ಗೆ. ಹೊಸದು ಹಾಕಿಸುತ್ತಾರೆ, ಮತ್ತೆ ಅದೇ ಗೋಳು. ದಾವಣಗೆರೆಯ ಬೇಕರಿಗಳಲ್ಲಿ ಓವನ್ ರಿಪೇರಿ ಮಾಡುವ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬಿಸಿ ಅಳೆಯುವ ಸೆನ್ಸರ್, ವೈರ್, ಡಿಗ್ರಿ ತೋರಿಸಿ ಹೀಟರ್ ಆನ್-ಆಫ್ ಮಾಡಿಸುವ ಮೀಟರ್ ಮೂರನ್ನೂ ಬಿಡಿಬಿಡಿಯಾಗಿ ನೋಡುವ ತನಕ ಯಾವುದನ್ನೂ ಬದಲಿಸುವುದಿಲ್ಲ.

ನಿಟ್ಟುವಳ್ಳಿ ಕಡೆಯ ಒಂದು ಬೇಕರಿ. ಎರಡು ಡೆಕ್ಕಿನ ಕರೆಂಟ್ ಓವನ್. ಮೀಟರ್ 200 ಡಿಗ್ರಿ ತೋರಿಸುತ್ತಿದ್ದರೂ ಮೇಲಿನ ಡೆಕ್ಕಿನಲ್ಲಿ ಬನ್ ಕರ್ರಗಾಗುತ್ತಿತ್ತು. ಅಷ್ಟೊತ್ತಿಗಾಗಲೇ ಸೆನ್ಸರ್ ಬದಲಿಸಿಯಾಗಿತ್ತು. ಮಾಸ್ಟರನ್ನು ವಿಚಾರಿಸಿದೆ. "ಮುಂಜಾನೆ ಮೊದಲನೇ ಟ್ರೇ ಚಲೋ ಬರ್ತೈತ್ರಿ ಅಣ್ಣಾ. ಆಮ್ಯಾಲೆ ಹಾಕಿದ್ದೆಲ್ಲಾ ಸೀದು ಹೋಗ್ತೈತಿ. ಅದಕ್ಕ 170ಕ್ಕ ಇಳಿಸಿ ನಡಸಾಕತ್ತೀನಿ" ಎಂದರು. ಈ ಮಾತು ಬಹಳ ಮುಖ್ಯ. ಕೆಟ್ಟ ಸೆನ್ಸರ್ ಬೆಳಿಗ್ಗೆಯೂ ಕೆಟ್ಟದ್ದೇ ಅಲ್ವಾ? ಓವನ್ ಮೈ ಕಾದ ಮೇಲೆ ತಪ್ಪು ಶುರುವಾಗುತ್ತದೆ ಅಂದರೆ ಬೇರೆ ಎಲ್ಲೋ ಏನೋ ಕಾಯುತ್ತಿದೆ ಅಂತ ಅರ್ಥ.

ಹೀಟರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಅಂಟಿಕೊಂಡಿರಬಹುದು ಅಂತ ಮಾಲೀಕರಿಗೆ ಅನುಮಾನ. ಹಾಗಿದ್ದರೆ ಹೀಟರ್ ಆಫ್ ಆಗದೆ ಮೀಟರಿನಲ್ಲೂ ಡಿಗ್ರಿ ಏರುತ್ತಾ ಹೋಗಬೇಕಿತ್ತು. ಇಲ್ಲಿ ಅದು 200ಕ್ಕೆ ಅಲ್ಲಾಡದೆ ನಿಂತಿತ್ತು. ಆ ಅನುಮಾನ ಅಲ್ಲಿಗೆ ಮುಗಿಯಿತು.

ಮೇನ್ ಆಫ್ ಮಾಡಿ ಮೀಟರಿನಿಂದ ಸೆನ್ಸರ್ ವೈರ್ ಬಿಚ್ಚಿದೆ. ಇದು ಕೆ ಟೈಪ್ ಥರ್ಮೋಕಪಲ್: ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಸೇರಿಸಿದ ಸೆನ್ಸರ್. ಕೆ ಅನ್ನುವುದು ಆ ಲೋಹಗಳ ಜೋಡಿಯ ಹೆಸರು. ಮೀಟರಿನ ಆ ಎರಡು ಟರ್ಮಿನಲ್‌ಗಳಿಗೆ ಚಿಕ್ಕ ತಂತಿಯ ತುಂಡು ಕೊಟ್ಟು ಮತ್ತೆ ಆನ್ ಮಾಡಿದರೆ ಮೀಟರ್ ತನ್ನ ಸುತ್ತಲಿನ ಬಿಸಿಯನ್ನಷ್ಟೇ ತೋರಿಸಬೇಕು. ಹಾಗೇ ತೋರಿಸಿತು. ಅಂದರೆ ಮೀಟರ್ ಸರಿ. ಆಮೇಲೆ ಸೆನ್ಸರನ್ನು ಹೊರಗೆ ತೆಗೆದು, ಅದರದ್ದೇ ವೈರ್ ನೇರವಾಗಿ ಮೀಟರಿಗೆ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಪಾತ್ರೆಯ ತಳಕ್ಕೆ ತಾಗಿಸಬಾರದು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಹಾಗಾಗಿ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಇದು ಗೊತ್ತಿಲ್ಲದೆ "ಎರಡು ಡಿಗ್ರಿ ಕಮ್ಮಿ" ಅಂತ ಒಳ್ಳೆ ಸೆನ್ಸರ್ ಎಸೆದವರನ್ನು ನೋಡಿದ್ದೇನೆ. ನಮ್ಮದು 98ರ ಹತ್ತಿರವೇ ತೋರಿಸಿತು. ಸುಮ್ನೆ ಮಲ್ಟಿಮೀಟರಿನಲ್ಲಿ ಬೀಪ್ ಬಂದರೆ ಸಾಲದು. ಥರ್ಮೋಕಪಲ್ ತುಂಡಾಗಿಲ್ಲ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ.

ಉಳಿದಿದ್ದು ನಡುವಿನ ವೈರ್. ಎಲ್ಲಾ ಮೊದಲಿನಂತೆ ಜೋಡಿಸಿ ಓವನ್ ಕಾಯಿಸಿದೆ. ಕೆ ಟೈಪ್ ಪ್ರೋಬ್ ಇರುವ ನನ್ನ ಮಲ್ಟಿಮೀಟರಿನ ತುದಿಯನ್ನು ಸೆನ್ಸರ್ ತುದಿಯ ಪಕ್ಕದಲ್ಲೇ ಕಟ್ಟಿದ್ದೆ. ಮೊದಮೊದಲು ಎರಡೂ ಒಟ್ಟಿಗೇ ಏರಿದವು. ಓವನ್ ಪೂರ್ತಿ ಕಾದು ಹೊತ್ತು ಕಳೆದ ಹಾಗೆ ದೂರ ಆಗತೊಡಗಿದವು. ಕೊನೆಗೆ ಓವನ್ ಮೀಟರಿನಲ್ಲಿ 200, ನನ್ನದರಲ್ಲಿ 235ರ ಆಸುಪಾಸು.

ಮೇನ್ ಆಫ್ ಮಾಡಿ ಪಕ್ಕದ ತಗಡು ಬಿಚ್ಚಿದೆ. ಸೆನ್ಸರಿನ ವೈರ್ ಮೀಟರಿನ ತನಕ ಮುಟ್ಟದ್ದಕ್ಕೆ ಯಾರೋ ಮನೆ ವೈರಿಂಗಿನ ತಾಮ್ರದ ವೈರ್ ತಿರುಚಿ ಜೋಡಿಸಿದ್ದರು. ಜಾಯಿಂಟ್ ಸರಿಯಾಗಿ ಓವನ್ ಗೋಡೆಗೆ ಒರಗಿ ಕೂತಿತ್ತು. ಸುತ್ತಿದ್ದ ಕಪ್ಪು ಟೇಪು ಕರಗಿ ತಗಡಿಗೆ ಮೆತ್ತಿಕೊಂಡು, ಎಳೆದರೆ ಅಂಟಂಟಾಗಿ ಬರುತ್ತಿತ್ತು. ಜಾಯಿಂಟಿನ ಬಿಸಿ ನೋಡಿದೆ, ಸುಮಾರು 65. ಮೀಟರ್ ಇರುವ ಪ್ಯಾನೆಲ್ಲಿನಲ್ಲಿ 30.

ತಪ್ಪು ಇದ್ದದ್ದು ಇಲ್ಲೇ. ಥರ್ಮೋಕಪಲ್ ಅಳೆಯುವುದು ಅದರ ಎರಡು ಕೊನೆಗಳ ಬಿಸಿಯ ವ್ಯತ್ಯಾಸವನ್ನು. ಒಂದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಹುಟ್ಟುತ್ತದೆ, ಅಷ್ಟೇ. ಮೀಟರ್ ತನ್ನ ಟರ್ಮಿನಲ್ಲಿನ ಬಿಸಿಯನ್ನು ಅದಕ್ಕೆ ಕೂಡಿಸಿ ಲೆಕ್ಕ ಹೇಳುತ್ತದೆ. ಆದರೆ ತಾಮ್ರ ಶುರುವಾದಲ್ಲೇ ಥರ್ಮೋಕಪಲ್ ಮುಗಿದುಹೋಯಿತು. 65 ಕೂಡಿಸಬೇಕಾದ ಕಡೆ ಮೀಟರ್ 30 ಕೂಡಿಸಿತು. 35 ಡಿಗ್ರಿ ಕಾಣೆ. ಆ 35 ತುಂಬಲು ಓವನ್ ಅಷ್ಟು ಜಾಸ್ತಿ ಕಾಯುತ್ತಿತ್ತು. ಬೆಳಿಗ್ಗೆ ಜಾಯಿಂಟ್ ತಣ್ಣಗಿರುತ್ತದೆ, ಮೊದಲ ಟ್ರೇ ಚೆನ್ನಾಗಿ ಬರುತ್ತದೆ. ಹೊಸ ಸೆನ್ಸರ್ ಹಾಕಿದರೂ ವಾಸಿಯಾಗದ್ದು ಇದಕ್ಕೇ.

ತಾಮ್ರ ಕಿತ್ತು, ಜಾಯಿಂಟೇ ಇಲ್ಲದ ಹಾಗೆ ಉದ್ದ ವೈರಿನ ಥರ್ಮೋಕಪಲ್ ಹಾಕಿದೆ. ಜೋಡಿಸಲೇಬೇಕು ಅಂದರೆ ಕೆ ಟೈಪಿನದ್ದೇ ಕಾಂಪೆನ್ಸೇಟಿಂಗ್ ಕೇಬಲ್, ಅಂದರೆ ಥರ್ಮೋಕಪಲ್ಲಿನ ಹಾಗೇ ವೋಲ್ಟ್ ಹುಟ್ಟಿಸುವ ವೈರ್, ಬೇಕು. ಪ್ಲಸ್ ಮೈನಸ್ ತಿಳಿಯಲು ವೈರಿನ ಬಣ್ಣವೊಂದನ್ನೇ ನಂಬಬೇಡಿ. ಅಮೆರಿಕದ ಕ್ರಮದಲ್ಲಿ ಕೆಂಪು ಅಂದರೆ ಮೈನಸ್, ಹಳದಿ ಪ್ಲಸ್. ಯುರೋಪಿನ ಕ್ರಮದಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಥರ್ಮೋಕಪಲ್ಲಿನ ತಂತಿಗೆ ಅಯಸ್ಕಾಂತ ಹಿಡಿದು ನೋಡಿ: ಕೆ ಟೈಪಿನಲ್ಲಿ ಅಂಟುವುದು ಮೈನಸ್.

ಕೆಲವು ಓವನ್‌ಗಳಲ್ಲಿ ಪಿಟಿ 100 ಇರುತ್ತದೆ, ಬಿಸಿ ಏರಿದಂತೆ ಓಮ್ (ಕರೆಂಟಿಗೆ ತಡೆ) ಏರುವ ಪ್ಲಾಟಿನಂ ಸೆನ್ಸರ್. ಅದರ ಲೆಕ್ಕ ಬೇರೆ: ಸೊನ್ನೆ ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5. ಅದರಲ್ಲಿ ಸ್ಕ್ರೂ ಸಡಿಲವಾದರೆ ಓಮ್ ಏರಿ ಮೀಟರ್ ಜಾಸ್ತಿ ತೋರಿಸುತ್ತದೆ, ಬನ್ ಹಸಿ ಉಳಿಯುತ್ತದೆ. ಒಳಗೆ ತೇವ ಸೇರಿದರೆ ಉಲ್ಟಾ.

ಹೊರಡುವ ಮುಂಚೆ ಮಾಸ್ಟರಿಗೆ ಒತ್ತಿ ಹೇಳಿದೆ, "ನಾಳೆಯಿಂದ 170ಕ್ಕ ಇಡಬ್ಯಾಡ್ರಿ, ಮೊದಲಿನಂಗ 200ಕ್ಕೇ ಇಡ್ರಿ" ಅಂತ. ಸೀಯುವ ಓವನ್ ಜೊತೆ ಏಗಿ ಏಗಿ ಕೈಗೆ ಕೂತ ಲೆಕ್ಕ ಆ 170. ಹಾಗೇ ಬಿಟ್ಟರೆ ಮರುದಿನ ಬನ್ ಬೇಯದೆ, ಬೈಗುಳ ಮತ್ತೆ ಸೆನ್ಸರಿಗೇ ಬೀಳುತ್ತದೆ.